ರೆಸ್ಯೂಮ್‌ನಲ್ಲಿ "ಸಿಎನ್‌ಸಿ ಅನುಭವ" ಅಂತ ಒಂದೇ ಸಾಲು ಇದೆ. ಇನ್ನೇನು ಬರೀಬೇಕು?

ಮಲೆನಾಡು ಟರ್ನರ್ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಐಟಿಐ ಟರ್ನರ್ ಮಾಡಿ, ಅಪ್ರೆಂಟಿಸ್ ಮುಗಿಸಿ, ಶಿವಮೊಗ್ಗದ ಒಂದು ಜಾಬ್‌ವರ್ಕ್ ಘಟಕದಲ್ಲಿ ಸಿಎನ್‌ಸಿ ಟರ್ನಿಂಗ್ (ಕಂಪ್ಯೂಟರ್ ನಿಯಂತ್ರಣದ ಲೇತ್ ಕೆಲಸ) ನೋಡ್ಕೋತಿದೀನಿ. ಹೆಂಡತಿಗೆ ಬೆಂಗಳೂರಲ್ಲಿ ಕೆಲಸ ಸಿಕ್ಕಿದೆ, ಹಾಗಾಗಿ ಪೀಣ್ಯದ ಕಡೆ ಸೆಟ್ಟರ್ ಕೆಲಸ ಹುಡುಕ್ತಿದೀನಿ. ಸೈಬರ್ ಸೆಂಟರ್‌ನಲ್ಲಿ ಮಾಡಿಸಿದ ರೆಸ್ಯೂಮ್‌ನಲ್ಲಿ ತಂದೆ ಹೆಸರು, ಹುಟ್ಟಿದ ತಾರೀಕು, ಹವ್ಯಾಸ ಕ್ರಿಕೆಟ್, "ಶ್ರಮಜೀವಿ, ಸಿಎನ್‌ಸಿ ಅನುಭವ 6 ವರ್ಷ", ಇಷ್ಟೇ ಇರೋದು. ಎಲ್ಲಿಂದಲೂ ಫೋನ್ ಬರ್ತಿಲ್ಲ. ದಿನಾ ಮಾಡೋ ಕೆಲಸದಲ್ಲಿ ಬರೆಯೋಕೆ ಏನಿದೆ ಅಂತ ತಿಳೀತಿಲ್ಲ. ನಮ್ಮಲ್ಲಿ ಜನ ಕಮ್ಮಿ, ಪಿಎಫ್ ಇಲ್ಲ, ಸಂಬಳದ ಚೀಟಿಯೂ ಕೊಡಲ್ಲ.

ಪೀಣ್ಯ ಶಾಪ್‌ಫ್ಲೋರ್:

ನಮ್ಮ ಶಾಪ್‌ಗೆ ಬರೋ ರೆಸ್ಯೂಮ್‌ಗಳನ್ನ ಮೊದಲು ನೋಡೋನು ನಾನೇ. ಅದಕ್ಕೆ ಸ್ವಲ್ಪ ಉದ್ದಕ್ಕೇ ಬರೀತೀನಿ.

"ಸಿಎನ್‌ಸಿ ಅನುಭವ" ಅಂದ್ರೆ ನನಗೆ ಏನೂ ಗೊತ್ತಾಗಲ್ಲ. ಜಾಬ್ (ಮಷಿನ್‌ನಲ್ಲಿ ಕಡೆಯೋ ತುಂಡು) ಹಾಕಿ, ಸೈಕಲ್ ಸ್ಟಾರ್ಟ್ ಒತ್ತಿ, ಜಾಬ್ ತೆಗೆಯೋರೂ ಅದನ್ನೇ ಬರೀತಾರೆ. ಡ್ರಾಯಿಂಗ್ ಕೈಗೆ ಕೊಟ್ರೆ ಜಾ (ಚಕ್‌ನಲ್ಲಿ ಜಾಬ್ ಹಿಡಿಯೋ ದವಡೆ) ಜಾಬ್ ಅಳತೆಗೆ ಬೋರ್ ಮಾಡ್ಕೊಂಡು, ಟೂಲ್ ಕಟ್ಟಿ, ಆಫ್‌ಸೆಟ್ (ಟೂಲ್ ಅಳತೆಯ ತಿದ್ದುಪಡಿ) ತಗೊಂಡು, ಫಸ್ಟ್ ಪೀಸ್ ಪಾಸ್ ಮಾಡಿಸೋರೂ ಅದನ್ನೇ ಬರೀತಾರೆ. ಇವೆರಡೂ ಒಂದೇ ಕೆಲಸ ಅಲ್ಲ, ಸಂಬಳವೂ ಒಂದೇ ಅಲ್ಲ. ನೀವು ಕೇಳ್ತಿರೋದು ಸೆಟ್ಟರ್ ಕೆಲಸ, ಆದ್ರೆ ರೆಸ್ಯೂಮ್‌ನಲ್ಲಿ ಸೆಟ್ಟಿಂಗ್ ಅನ್ನೋ ಮಾತೇ ಇಲ್ಲ.

ನೀವು ಮಾಡಿದ್ರಲ್ಲಿ ಕಷ್ಟದ ಒಂದು ಜಾಬ್ ತಗೊಂಡು ಹೀಗೆ ಬರೀರಿ: "ಇಎನ್8 ಬುಷ್, ಬೋರ್ 25 ಎಚ್7. ಫ್ಯಾನುಕ್ ಕಂಟ್ರೋಲ್. ಸಾಫ್ಟ್ ಜಾ ಬೋರಿಂಗ್, ಟೂಲ್ ಸೆಟ್ಟಿಂಗ್, ಫಸ್ಟ್ ಪೀಸ್, ವೇರ್ ಆಫ್‌ಸೆಟ್ ತಿದ್ದೋದು ಎಲ್ಲ ನಾನೇ." ಇಎನ್8 ಒಂದು ಬಗೆ ಸ್ಟೀಲ್, ಬುಷ್ ಅಂದ್ರೆ ಕೊಳವೆಯಂಥ ಭಾಗ, ಬೋರ್ ಅದರ ಒಳರಂಧ್ರ. 25 ಎಚ್7 ಅಂದ್ರೆ ಬೋರ್ 25.000ರಿಂದ 25.021 ಮಿಲಿಮೀಟರ್ ಒಳಗೇ ಬರ್ಬೇಕು. ಆ 21 ಮೈಕ್ರಾನ್‌ನಲ್ಲಿ ಬ್ಯಾಚ್ ಪೂರ್ತಿ ನಿಲ್ಲಿಸಿದವರಿಗೆ ಇನ್ಸರ್ಟ್ (ಟೂಲ್ ತುದಿಯ ಕತ್ತರಿಸೋ ತುಂಡು) ಸವೆದಂತೆ ಸೈಜ್ ಯಾವ ಕಡೆ ಹೋಗುತ್ತೆ, ಬೆಳಗ್ಗೆ ಮಷಿನ್ ತಣ್ಣಗಿದ್ದಾಗ ಎಷ್ಟು ಹುಷಾರಾಗಿರ್ಬೇಕು ಅನ್ನೋದು ಗೊತ್ತಿರುತ್ತೆ. ನಾನು ಆ ಸಾಲನ್ನ ಹಾಗೇ ಓದ್ತೀನಿ.

ಗೋಡೆ ತೆಳುವಾದ ಬುಷ್ ಮಾಡಿದ್ರಂತೂ ಬಿಡ್ಲೇಬೇಡಿ. ಚಕ್ ಒತ್ತಡ ಜಾಸ್ತಿಯಾದ್ರೆ, ಬಿಗಿದಿದ್ದಾಗ ಬೋರ್ ಗುಂಡಗೇ ತೋರಿಸುತ್ತೆ. ಬಿಚ್ಚಿ ಬೋರ್ ಗೇಜ್ ತಿರುಗಿಸಿದ್ರೆ ಮೂರು ಜಾ ಹಿಡಿದ ಕಡೆ ಒಂದು ಅಳತೆ, ನಡುವೆ ಇನ್ನೊಂದು ಅಳತೆ. ಒತ್ತಡ ಇಳಿಸಿ ಸರಿ ಮಾಡಿದ್ರಾ, ಸುತ್ತಲೂ ಅಪ್ಪಿ ಹಿಡಿಯೋ ಹಾಗೆ ಜಾ ಬೋರ್ ಮಾಡಿದ್ರಾ, ಒಂದು ಸಾಲು ಬರೀರಿ ಸಾಕು. ಅದು ಕಂಡ ತಕ್ಷಣ ನಾನು ಫೋನ್ ಮಾಡ್ತೀನಿ.

ಪ್ರೋಗ್ರಾಮಿಂಗ್ ಬಗ್ಗೆ ಇರೋದನ್ನಷ್ಟೇ ಬರೀರಿ. ಇದ್ದ ಪ್ರೋಗ್ರಾಂನಲ್ಲಿ ಫೀಡ್, ಸ್ಪೀಡ್ ಬದಲಾಯಿಸಿದ್ರೆ ಅದು ಎಡಿಟಿಂಗ್. ಜಿ71 (ರಫ್ ಟರ್ನಿಂಗ್), ಜಿ76 (ಥ್ರೆಡಿಂಗ್) ಸೈಕಲ್ ಹಾಕಿ ಮೊದಲಿಂದ ಬರೆದಿದ್ರೆ ಪ್ರೋಗ್ರಾಮಿಂಗ್. ಹೇಗೂ ಟ್ರಯಲ್‌ಗೆ ಮಷಿನ್ ಮುಂದೆ ನಿಲ್ಲಿಸ್ತೀವಿ. ಎಡಿಟಿಂಗ್ ಅಂತ ಬರೆದವರನ್ನೂ ನಾವು ತಗೊಂಡಿದ್ದೀವಿ, ಅದರಲ್ಲಿ ಸಣ್ಣತನ ಏನಿಲ್ಲ. ಹವ್ಯಾಸ, ತಂದೆ ಹೆಸರು ತೆಗೆದ್ರೆ ಇದಕ್ಕೆಲ್ಲ ಜಾಗ ಸಿಗುತ್ತೆ.

ಕ್ವಾಲಿಟಿ ಬೆಂಚ್:

ಮೇಲೆ ಸರ್ ಹೇಳಿದ್ದು ಸರಿ. ಇನ್ಸ್‌ಪೆಕ್ಷನ್ ಕಡೆಯಿಂದ ಒಂದು ಮಾತು ಸೇರಿಸ್ತೀನಿ ಅಣ್ಣ. "ಅಳತೆ ಸಾಧನಗಳು ಗೊತ್ತು" ಅಂತ ಬಿಡಬೇಡಿ. ಮೈಕ್ರೋಮೀಟರ್, ಬೋರ್ ಗೇಜ್, ಥ್ರೆಡ್ ಗೇಜ್ ಹೀಗೆ ನೀವೇ ಹಿಡಿದಿದ್ದನ್ನ ಹೆಸರಿಟ್ಟು ಬರೀರಿ. ಬೋರ್ ಗೇಜ್ ಸೊನ್ನೆ ಕೂರಿಸೋಕೆ ಬರುತ್ತಾ, ಅದನ್ನೂ ಹಾಕಿ. ಆದ್ರೆ ಕಸ್ಟಮರ್ ಡ್ರಾಯಿಂಗ್ ನಂಬರ್, ಮೊಬೈಲ್‌ನಲ್ಲಿ ತೆಗೆದ ಡ್ರಾಯಿಂಗ್ ಫೋಟೋ ಯಾರಿಗೂ ಕಳಿಸಬೇಡಿ. ಅದು ಕಸ್ಟಮರ್ ಸ್ವತ್ತು. ನಾಳೆ ನಮ್ಮ ಡ್ರಾಯಿಂಗೂ ಹೊರಗೆ ಹೋಗುತ್ತೆ ಅಂತ ಕೆಲಸ ಕೊಡೋರು ಯೋಚಿಸ್ತಾರೆ.

ಲೆಕ್ಕದ ಮನೆ:

ಪಿಎಫ್ ಇಲ್ಲ ಅಂತ ಕೊರಗಬೇಡಿ. 20 ಜನಕ್ಕಿಂತ ಕಮ್ಮಿ ಇರೋ ಘಟಕಕ್ಕೆ ಸಾಮಾನ್ಯವಾಗಿ ಅದು ಕಡ್ಡಾಯ ಅಲ್ಲ, ಕೆಲಸಕ್ಕೆ ತಗೊಳ್ಳೋರಿಗೂ ಇದು ಗೊತ್ತು. ಇಎಸ್‌ಐ ಕಟ್ತಿದ್ರೆ ಆ ಕಾರ್ಡ್ ಇಟ್ಕೊಳ್ಳಿ. ಸಂಬಳ ಬ್ಯಾಂಕಿಗೆ ಬರ್ತಿದ್ರೆ ಸ್ಟೇಟ್‌ಮೆಂಟ್ ಸಾಕಾಗುತ್ತೆ. ಮಾಲೀಕರ ಹತ್ರ ಲೆಟರ್‌ಹೆಡ್ ಮೇಲೆ ಅನುಭವ ಪತ್ರ ಕೇಳಿ, ಅದರಲ್ಲಿ "ಸೆಟ್ಟಿಂಗ್ ಮತ್ತು ಆಪರೇಟಿಂಗ್" ಅಂತ ಸ್ಪಷ್ಟವಾಗಿ ಬರೆಸಿ. ಐಟಿಐ ಸರ್ಟಿಫಿಕೇಟ್ ಜೊತೆ ಅಪ್ರೆಂಟಿಸ್ ಸರ್ಟಿಫಿಕೇಟ್ ಬೇರೆಯೇ ಬರುತ್ತೆ. ತುಂಬ ಜನ ಅದನ್ನ ರೆಸ್ಯೂಮ್‌ಗೆ ಸೇರಿಸೋದೇ ಇಲ್ಲ.

ಮಲೆನಾಡು ಟರ್ನರ್:

ತುಂಬಾ ಉಪಕಾರ ಆಯ್ತು. ರಾತ್ರಿ ಕೂತು ಬರೆದೆ, ನೋಡಿ: "ಎಸ್‌ಎಸ್ 304 ನಿಪ್ಪಲ್, ಎಂ20 ಹೊರಥ್ರೆಡ್. ಜಾ ಬೋರಿಂಗ್, ಟೂಲ್ ಸೆಟ್ಟಿಂಗ್, ಫಸ್ಟ್ ಪೀಸ್ ನಾನೇ. ಜಿ76 ಸೈಕಲ್‌ನಲ್ಲಿ ಥ್ರೆಡಿಂಗ್ ಪ್ರೋಗ್ರಾಂ ನಾನೇ ಬರೆದದ್ದು. ಗೋ, ನೋಗೋ ರಿಂಗ್ ಗೇಜ್‌ನಲ್ಲಿ ಚೆಕ್. ಉದ್ದುದ್ದ ಚಿಪ್ (ಲೋಹದ ಸುರುಳಿ) ಜಾಬ್‌ಗೆ ಸುತ್ತಿ ಗೆರೆ ಬೀಳ್ತಿತ್ತು. ಇನ್ಸರ್ಟ್‌ನ ಚಿಪ್ ಬ್ರೇಕರ್, ಫೀಡ್ ಬದಲಾಯಿಸಿ ನಿಲ್ಲಿಸಿದೆ."

ಪೀಣ್ಯ ಶಾಪ್‌ಫ್ಲೋರ್:

ಇದು ರೆಸ್ಯೂಮ್! ಚಿಪ್ ಸಾಲು ಮೇಲೆ ತನ್ನಿ. ಎಂ20 ಅಂದಿದ್ದೀರ, ಪಿಚ್ (ಥ್ರೆಡ್‌ನಿಂದ ಥ್ರೆಡ್‌ಗೆ ಇರೋ ದೂರ) ಹಾಕಿಲ್ಲ. 2.5 ಪಿಚ್ಚೋ, 1.5 ಪಿಚ್ಚೋ? ಅದನ್ನ ಸೇರಿಸಿ ಸೋಮವಾರವೇ ಕಳಿಸೋಕೆ ಶುರು ಮಾಡಿ.