ಮರು: ‘ಮಧುಮೇಹಜನ್ಯ ನರವೇದನೆ’ ಸರಿಯೇ? ಬೋರ್ಡಿಗೆ ಬೇಕು, ತುರ್ತು

> ಆಸ್ಪತ್ರೆ ಬೋರ್ಡಿಗೆ ‘ಮಧುಮೇಹಜನ್ಯ ನರವೇದನಾ ಚಿಕಿತ್ಸಾ ಘಟಕ’ ಅಂತ ಬರೆದುಕೊಟ್ಟಿದ್ದಾರೆ. ನಾಳೆ ಬೆಳಿಗ್ಗೆ ಫ್ಲೆಕ್ಸ್‌ನವರಿಗೆ ಕೊಡಬೇಕು.

ಬೇಡ. ಅದನ್ನು ಓದಿ ಯಾರೂ ಒಳಗೆ ಬರುವುದಿಲ್ಲ. ಹೀಗೆ ಬರೆಸಿ:

ಶುಗರ್ ಇದೆಯೇ? ಅಂಗಾಲು ಉರಿ, ಜೋಮು, ಮರಗಟ್ಟುವುದಕ್ಕೆ ಇಲ್ಲಿ ತೋರಿಸಿ.

ಕೆಳಗೆ ಸಣ್ಣಕ್ಷರದಲ್ಲಿ ‘ಸಕ್ಕರೆ ಕಾಯಿಲೆಯ ನರನೋವಿಗೆ ಚಿಕಿತ್ಸೆ’ ಅಂತಿರಲಿ.

ಬರೀ ‘ನರನೋವು’ ಸಾಲದು. ನಮ್ಮಲ್ಲಿ ಇಂಜೆಕ್ಷನ್ ಕೊಡುವುದೂ ನರಕ್ಕೇ, ಕುತ್ತಿಗೆ ಹಿಡಿದರೆ ಎಳೆಯುವುದೂ ನರವೇ. ಮೇಲಾಗಿ ಈ ತೊಂದರೆ ಇರುವವರು ನೋವು ಅಂತ ಹೇಳುವುದೇ ಕಮ್ಮಿ. ‘ರಾತ್ರಿ ಅಂಗಾಲಿಗೆ ಖಾರ ಹಚ್ಚಿದ ಹಾಗೆ ಉರಿಯುತ್ತೆ, ಹೊದಿಕೆ ತಾಗಿದರೂ ತಡೆಯೋಕಾಗಲ್ಲ’ ಅಂತಾರೆ.

ಜೋಮನ್ನೂ ಮರಗಟ್ಟುವುದನ್ನೂ ಒಂದೇ ಮಾಡಬೇಡಿ. ಜೋಮು ಹಿಡಿದ ಕಾಲು ಜುಮುಗುಡುತ್ತೆ, ಗೊತ್ತಾಗುತ್ತೆ. ಮರಗಟ್ಟಿದ ಕಾಲಿಂದ ಚಪ್ಪಲಿ ಕಳಚಿದರೂ ತಿಳಿಯುವುದಿಲ್ಲ, ಮುಳ್ಳು ಚುಚ್ಚಿದರೂ ತಿಳಿಯುವುದಿಲ್ಲ. ಆ ಗಾಯವೇ ಹುಣ್ಣಾಗಿ ಕೊಳೆಯುವುದು. ನೋವೇ ಇಲ್ಲವಲ್ಲ ಅಂತ ಮನೆಯಲ್ಲಿ ಕೂತವರೇ ಮೊದಲು ಬರಬೇಕು. ‘ನರನೋವು’ ಅಂತಷ್ಟೇ ಬರೆದರೆ ಅವರು ಬೋರ್ಡಿನ ಮುಂದೆಯೇ ನಡೆದು ಹೋಗುತ್ತಾರೆ.

ಜೊತೆಗಿನ ಕರಪತ್ರದಲ್ಲಿ ‘ಗುಣಪಡಿಸುವ ಮದ್ದು’ ಅಂತಿದೆ. ತೆಗೆಯಿರಿ. ಡುಲೋಕ್ಸೆಟಿನ್, ಪ್ರಿಗಾಬಲಿನ್, ಅಮಿಟ್ರಿಪ್ಟಿಲಿನ್ ಉರಿ ತಗ್ಗಿಸುತ್ತವೆ, ಅದೂ ಎಲ್ಲರಿಗೂ ಪೂರ್ತಿ ಅಲ್ಲ. ಕೆಟ್ಟ ನರವನ್ನು ಸರಿ ಮಾಡುವುದಿಲ್ಲ. ‘ಉರಿ ತಗ್ಗಿಸುವ ಮದ್ದು’ ಅನ್ನಿ. ‘ನೋವಿನ ಮಾತ್ರೆ’ಯೂ ಬೇಡ. ಜನ ಅಂಗಡಿಯಿಂದ ಡೈಕ್ಲೋಫಿನಾಕ್ ತಂದು ನುಂಗುತ್ತಾರೆ. ಅದು ಈ ಉರಿಗೆ ನಾಟುವುದಿಲ್ಲ, ಶುಗರ್ ಇರುವವರ ಕಿಡ್ನಿಗೂ ಒಳ್ಳೆಯದಲ್ಲ.

> ನರ ಸಂಸ್ಕೃತ. ‘ಸಿಹಿಬೇನೆ’ ಅನ್ನಿ, ಅಚ್ಚಗನ್ನಡ.

ಪೂರ್ತಿ ತಿರುಗುಮುರುಗು. ಮನುಷ್ಯ ಅನ್ನುವ ಸಂಸ್ಕೃತದ ನರ ಬೇರೆ, ಇದು ಬೇರೆ. ತಮಿಳಿನ ನರಂಬು, ತೆಲುಗಿನ ನರಮು ನೋಡಿ. ಎರವಲು ಬಂದದ್ದು ನಿಮ್ಮ ಬೇನೆ, ವೇದನೆಯ ತದ್ಭವ. ಹಾಗಂತ ಅದು ಕೀಳಲ್ಲ. ಧಾರವಾಡದ ಕಡೆ ಬ್ಯಾನಿ ಅಂದರೆ ಕಾಯಿಲೆ, ಮೈಸೂರಿನ ಕಡೆ ಬೇನೆ ಅಂದರೆ ಮೊದಲು ಹೆರಿಗೆ ನೆನಪಾಗುತ್ತೆ. ಬೋರ್ಡಿಗೆ ಬೇಡ ಅನ್ನುವುದು ಅದಕ್ಕೆ.

> ಹಾಗಾದರೆ ‘ಶುಗರ್’ ಯಾಕೆ? ಇಂಗ್ಲಿಷ್ ಅಲ್ವಾ?

ಸಕ್ಕರೆ ಬಂದದ್ದು ಶರ್ಕರಾದಿಂದ. ಅದೇ ಶರ್ಕರಾ ಪಾರಸಿ, ಅರಬ್ಬಿ ಸುತ್ತಿಕೊಂಡು ಶುಗರ್ ಆಯಿತು. ಈಗ ಎರಡೂ ಕನ್ನಡದಲ್ಲಿವೆ, ಬೇರೆ ಬೇರೆ ಕೆಲಸ ಮಾಡುತ್ತಿವೆ. ‘ಅವರಿಗೆ ಶುಗರ್ ಇದೆ’ ಅಂದರೆ ಕಾಯಿಲೆ. ‘ಅವರ ಹತ್ರ ಸಕ್ಕರೆ ಇದೆ’ ಅಂದರೆ ಡಬ್ಬಿಯಲ್ಲಿರುವುದು. ಜನರೇ ಮಾಡಿಕೊಂಡ ಈ ವ್ಯತ್ಯಾಸವನ್ನು ಅಚ್ಚಗನ್ನಡದ ಹೆಸರಲ್ಲಿ ಅಳಿಸಬೇಡಿ.

ಬೋರ್ಡಿನವರಿಗೆ: ‘ಅಂಗಾಲು ಉರಿ’ ಎಲ್ಲಕ್ಕಿಂತ ದೊಡ್ಡ ಅಕ್ಷರದಲ್ಲಿರಲಿ. ಪ್ರೂಫ್ ಇವತ್ತು ರಾತ್ರಿಯೇ ಕಳಿಸಿ, ಒತ್ತಕ್ಷರ ನೋಡಿಕೊಡುತ್ತೇನೆ.