ಸಹಾಯ ಬೇಕು: ಹಂಗೇರಿಯವರು ಬರೆದ ಕೊರಿಯಾ ಇತಿಹಾಸ

ಎಲ್ಲರಿಗೂ ನಮಸ್ಕಾರ. ಹಂಗೇರಿಯಲ್ಲಿ ಕೊರಿಯಾದ ಇತಿಹಾಸ ಓದುವವರು ಹೇಗೆ ಬೆಳೆದರು ಅಂತ ಒಂದು ಲೇಖನ ಬರೆಯುತ್ತಿದ್ದೇನೆ, ಸ್ವಲ್ಪ ದಾರಿ ತೋರಿಸಿ.

ಉತ್ತರ ಕೊರಿಯಾ ಜೊತೆ ಹಂಗೇರಿಗೆ 1948ರಿಂದಲೇ ಸಂಬಂಧ. ಕೊರಿಯಾ ಯುದ್ಧದ ಕಾಲದಲ್ಲಿ ಹಂಗೇರಿಯ ಡಾಕ್ಟರುಗಳು ಅಲ್ಲಿಗೆ ಹೋಗಿದ್ದರು, ಅಲ್ಲಿನ ಅನಾಥ ಮಕ್ಕಳು ಹಂಗೇರಿಗೆ ಬಂದು ಓದಿದರು. ಉತ್ತರ ಕೊರಿಯಾದ ರಾಜಧಾನಿ ಪ್ಯೊಂಗ್ಯಾಂಗ್‌ನಲ್ಲಿದ್ದ ಹಂಗೇರಿಯ ರಾಯಭಾರಿ ಕಚೇರಿಯವರು ಅಲ್ಲಿ ನಡೆದದ್ದನ್ನೆಲ್ಲ ಬುಡಾಪೆಸ್ಟ್‌ಗೆ ವರದಿ ಮಾಡುತ್ತಿದ್ದರಲ್ಲ, ಆ ಕಡತಗಳೇ ಈಗ ಚಿನ್ನ. ಉತ್ತರ ಕೊರಿಯಾದವರು ತಮ್ಮ ದಾಖಲೆ ಯಾರಿಗೂ ಬಿಟ್ಟುಕೊಡುವುದಿಲ್ಲ ಅಲ್ವಾ! ಹಂಗೇರಿಯ ಇತಿಹಾಸಕಾರ ಬಲಾಜ್ ಸಲೊಂತೈ ಇದೇ ಕಡತ ಕೆದಕಿ ಸೋವಿಯತ್ ನಾಯಕ ಕ್ರುಶ್ಚೇವ್ ಕಾಲದ ಉತ್ತರ ಕೊರಿಯಾ ನಾಯಕ ಕಿಮ್ ಇಲ್ ಸುಂಗ್ ಬಗ್ಗೆ ಇಂಗ್ಲಿಷ್‌ನಲ್ಲಿ ಪುಸ್ತಕ ಬರೆದಿದ್ದಾರೆ. 1989ರಲ್ಲಿ ದಕ್ಷಿಣ ಕೊರಿಯಾ ಜೊತೆಗೂ ಸಂಬಂಧ ಶುರುವಾಯಿತು. ಮುಂದೆ ಬುಡಾಪೆಸ್ಟ್‌ನ ಎಲ್ಟೆ ವಿಶ್ವವಿದ್ಯಾಲಯದಲ್ಲಿ ಕೊರಿಯಾ ಅಧ್ಯಯನ ಬಂತು. ಅಲ್ಲಿ ಪಾಠ ಮಾಡುತ್ತಿದ್ದ ಚೋಮಾ ಮೋಜೆಶ್ ಆಮೇಲೆ ದಕ್ಷಿಣ ಕೊರಿಯಾದ ರಾಜಧಾನಿ ಸೋಲ್‌ಗೆ ಹಂಗೇರಿಯ ರಾಯಭಾರಿಯಾಗಿಯೇ ಹೋದರು.

ನನಗೆ ಹಂಗೇರಿಯನ್ ಒಂದಕ್ಷರ ಬರಲ್ಲ. ಬುಡಾಪೆಸ್ಟ್‌ನಲ್ಲಿರುವ ಕನ್ನಡಿಗರು ಯಾರಾದರೂ ಇದ್ದರೆ ಚೋಮಾ ಅವರ ಬರಹದ ಒಂದೆರಡು ಪುಟ ಓದಿ ಅರ್ಥ ಹೇಳ್ತೀರಾ? ಹಂಗೇರಿಯಲ್ಲಿ ಸೋವಿಯತ್ ಹಿಡಿತದ ವಿರುದ್ಧ ನಡೆದ 1956ರ ದಂಗೆಯ ಹೊತ್ತಿಗೆ ಅಲ್ಲಿದ್ದ ಕೊರಿಯಾ ವಿದ್ಯಾರ್ಥಿಗಳ ಕಥೆಯೇ ನನಗೆ ಮುಖ್ಯ. ಸುಮ್ನೆ ಗೂಗಲ್ ಅನುವಾದ ಕಳಿಸಬೇಡಿ, ಅದನ್ನು ನೋಡಿ ಸಾಕಾಗಿದೆ. ಸಲೊಂತೈ ಪುಸ್ತಕ ಬೆಂಗಳೂರಿನ ಯಾವ ಲೈಬ್ರರಿಯಲ್ಲಿ ಸಿಗುತ್ತೆ ಅಂತ ಗೊತ್ತಿದ್ದರೂ ಹೇಳಿ.