ಬದುಕಿರುವ ಪ್ರವಾದಿಯ ಮೇಲೆ ನಂಬಿಕೆ ನಿಮಗೆ ಹೇಗೆ ಬಂತು? ಅನುಭವ ಹೇಳಿ

ಹೊಸ ಸದಸ್ಯೆ, ಬೆಂಗಳೂರು: ಹೋದ ವರ್ಷ ಯೇಸು ಕ್ರಿಸ್ತನ ಅಂತಿಮ ದಿನಗಳ ಸಂತರ ಸಭೆಯಲ್ಲಿ (ಮಾರ್ಮನ್) ದೀಕ್ಷಾಸ್ನಾನ ಆಯಿತು. ಸಭೆಯ ಮೊದಲ ಪ್ರವಾದಿ ಜೋಸೆಫ್ ಸ್ಮಿತ್ ಬಗ್ಗೆ ಸಾಕ್ಷಿ, ಅಂದರೆ ದೃಢ ನಂಬಿಕೆ, ಇದೆ. ಆದರೆ ಸಭೆಯ ಕೇಂದ್ರವಾದ ಸಾಲ್ಟ್ ಲೇಕ್‌ನಲ್ಲಿ ಈಗ ಇರುವ ಪ್ರವಾದಿಯ ಮಾತನ್ನು ದೇವರ ಮಾತು ಅಂತ ಮನಸ್ಸು ಒಪ್ಪುತ್ತಿಲ್ಲ. 2025ರಲ್ಲಿ ಪ್ರವಾದಿಯಾಗಿದ್ದ ನೆಲ್ಸನ್ ತೀರಿಕೊಂಡು ಆ ಜಾಗಕ್ಕೆ ಓಕ್ಸ್ ಬಂದ ಮೇಲೆ ಗೊಂದಲ ಹೆಚ್ಚಾಗಿದೆ. ಮನೆ ಸಾಲದ ಕಂತು ಬೇರೆ, ಸಭೆಗೆ ಕೊಡುವ ದಶಮಾಂಶಕ್ಕೆ ಉಳಿಯುವುದೇ ಇಲ್ಲ. ನೀವೆಲ್ಲ ಏನು ಮಾಡಿದಿರಿ?

ಕೆಂಗೇರಿ ಅಣ್ಣ: ಸಿಸ್ಟರ್, ನಮ್ಮ ಕಥೆ ಕೇಳಿ. ದೇವಾಲಯದಲ್ಲಿ ಮಾತ್ರ ನಡೆಯುವ, ಕುಟುಂಬವನ್ನು ಶಾಶ್ವತವಾಗಿ ಒಂದುಗೂಡಿಸುವ ವಿಧಿಯಾದ ಸೀಲಿಂಗ್‌ಗೆ ಹಾಂಗ್‌ಕಾಂಗ್‌ಗೆ ಹೋಗಬೇಕು ಅಂತ ಚೀಟಿ ಹಾಕಿ ದುಡ್ಡು ಕೂಡಿಸುತ್ತಿದ್ದೆವು. 2018ರ ಏಪ್ರಿಲ್ ಕಾನ್ಫರೆನ್ಸ್‌ನಲ್ಲಿ ನೆಲ್ಸನ್ ಹೊಸ ದೇವಾಲಯಗಳ ಹೆಸರು ಓದುವಾಗ ಬೆಂಗಳೂರು ಅಂದರು. ನನ್ನ ಹೆಂಡತಿ ಜೋರಾಗಿ ಅತ್ತುಬಿಟ್ಟಳು. ಆದರೂ ಕಾಯುವುದು ಬೇಡ ಅಂತ ಪಾಸ್‌ಪೋರ್ಟ್ ಮಾಡಿಸಿದೆವು. ಮಗಳ ಜನನ ಪ್ರಮಾಣಪತ್ರದಲ್ಲಿ ಹೆಸರು ತಪ್ಪಿತ್ತು, ಅದನ್ನು ತಿದ್ದಿಸಲು ಅಲೆದ ಖರ್ಚೇ ಒಂದು ಟಿಕೆಟ್‌ನಷ್ಟು. ಅಷ್ಟರಲ್ಲಿ 2019ರಲ್ಲಿ ಹಾಂಗ್‌ಕಾಂಗ್ ದೇವಾಲಯ ದುರಸ್ತಿಗೆ ಮುಚ್ಚಿತು. ಆಮೇಲೆ ಕೋವಿಡ್. ಕೂಡಿಟ್ಟಿದ್ದೆಲ್ಲ ಅಪ್ಪನ ಆಸ್ಪತ್ರೆಗೆ ಹೋಯಿತು, ಅಪ್ಪನೂ ಉಳಿಯಲಿಲ್ಲ. 2020ರ ಡಿಸೆಂಬರ್‌ನಲ್ಲಿ ಇಲ್ಲಿ ದೇವಾಲಯದ ಜಾಗದಲ್ಲಿ ಗುದ್ದಲಿ ಹಾಕಿದಾಗ ಕೈಯಲ್ಲಿ ಏನೂ ಇರಲಿಲ್ಲ. ಕೊನೆಗೆ ಬ್ಯಾಂಕಾಕ್ ದೇವಾಲಯ 2023ರಲ್ಲಿ ಪ್ರತಿಷ್ಠೆಯಾದ ಮೇಲೆ ಸಾಲ ಮಾಡಿ ಹೋಗಿಬಂದೆವು. ಆ ಸಾಲ ಇನ್ನೂ ತೀರಿಸುತ್ತಿದ್ದೇನೆ, ಬೇಸರವಿಲ್ಲ.

ಮೂಡಿಗೆರೆ ಮಗಳು: ನಮ್ಮದು ಕಾಫಿ ತೋಟದ ಮನೆ. ಕಾಫಿ, ಚಹಾ, ಮದ್ಯ, ತಂಬಾಕು ಬೇಡ ಎನ್ನುವ ಸಭೆಯ 1833ರ ‘ವಿವೇಕದ ಮಾತ’ನ್ನು ಒಪ್ಪಿಕೊಂಡ ದಿನದಿಂದ ಕಾಫಿ ಬಿಟ್ಟೆ. ಚಿಕ್ಕಪ್ಪ ಇವತ್ತಿಗೂ ಸರಿಯಾಗಿ ಮಾತಾಡಿಸುವುದಿಲ್ಲ: 'ಈ ಬೆಳೆಯಿಂದಲೇ ಓದಿದವಳು, ಈಗ ಇದು ಪಾಪವಾ?' ಅಮ್ಮ ಮಾತ್ರ ಏನೂ ಕೇಳದೆ ಕೊತ್ತಂಬರಿ-ಜೀರಿಗೆ ಕಷಾಯ ಕಾಯಿಸಿ ಲೋಟ ಮುಂದಿಡುತ್ತಾಳೆ. ನನಗೆ ನಂಬಿಕೆ ಬಂದದ್ದು ಪಾಲಿಸಿದ ಮೇಲೆ. ಮೊದಲು ನಂಬಿಕೆ ಬರಲಿ ಅಂತ ಕೂತಿದ್ದರೆ ಈಗಲೂ ಕೂತೇ ಇರುತ್ತಿದ್ದೆ.

ಬಿಟ್ಟು ಹೋದವನು: ಎಲ್ಲರೂ ಸಿಹಿಯನ್ನೇ ಬಡಿಸುತ್ತಿದ್ದೀರಿ. ನನ್ನ ಅಜ್ಜನನ್ನು ಊರ ಗುಡಿಯೊಳಗೆ ಬಿಡುತ್ತಿರಲಿಲ್ಲ. ಸಭೆಯಲ್ಲಿ ನನ್ನನ್ನು ಬ್ರದರ್ ಅಂದು ಕೈಹಿಡಿದದ್ದಕ್ಕೇ ನಾನು ಬಂದದ್ದು. ಆಮೇಲೆ ಓದಿದೆ: 1852ರಿಂದ 1978ರವರೆಗೆ ಕರಿಯರಿಗೆ ಯಾಜಕತ್ವ, ಅಂದರೆ ಸಭೆಯ ವಿಧಿ ನಡೆಸುವ ಅಧಿಕಾರ, ಇಲ್ಲ. ಅದನ್ನು ಸಮರ್ಥಿಸಿದವರೂ ಆಯಾ ಕಾಲದ ಪ್ರವಾದಿಗಳೇ. ಆವತ್ತು ಕೇಳಿದವರು ಏನನ್ನು ಪಾಲಿಸಿದರು?

ಕೆಂಗೇರಿ ಅಣ್ಣ: ಅದನ್ನು ತೆಗೆದವರೂ ಪ್ರವಾದಿಯೇ, ಕಿಂಬಲ್. ಅರ್ಧ ಹೇಳಬೇಡಿ.

ಬಿಟ್ಟು ಹೋದವನು: 126 ವರ್ಷ ಬಾಗಿಲಾಚೆ ನಿಂತವರಿಗೆ ಆ ಉತ್ತರ ಸಾಲದು. ಹಿಂದೆ ಕೊಟ್ಟ ಕಾರಣಗಳನ್ನು ಈಗ ಒಪ್ಪುವುದಿಲ್ಲ ಅಂತ ಸಭೆಯೇ 2013ರಲ್ಲಿ ಬರೆದಿದೆ. ನಿಮ್ಮ ಮನೆಯವರನ್ನು ಯಾರೂ ಆಚೆ ನಿಲ್ಲಿಸಿಲ್ಲ, ಅದಕ್ಕೇ ಸುಲಭ.

ಮೂಡಿಗೆರೆ ಮಗಳು: ಅಣ್ಣ, ಅವರ ನೋವಿಗೆ ಹಾಗೆ ತಟ್ಟಂತ ಉತ್ತರ ಕೊಡಬೇಡಿ. ನನಗೂ ಅದಕ್ಕೆ ಉತ್ತರ ಸಿಕ್ಕಿಲ್ಲ. ಆದರೂ ನಾನು ಇದ್ದೇನೆ.

ನರ್ಸ್, ಹುಬ್ಬಳ್ಳಿ: 'ಪ್ರವಾದಿ ಹೇಳಿದ್ರ ಮುಗೀತು' ಅನ್ನೋರಿಗೇ ಒಂದು ಪ್ರಶ್ನೆ. 2021ರ ಆಗಸ್ಟ್‌ದಾಗ ಪ್ರಥಮ ಅಧ್ಯಕ್ಷತೆಯವರು (ಪ್ರವಾದಿ ಮತ್ತ ಅವರ ಸಲಹೆಗಾರರು) ಲಸಿಕೆ ಹಾಕಿಸ್ಕೊಳ್ರಿ, ಮಾಸ್ಕ್ ಹಾಕ್ರಿ ಅಂತ ಪತ್ರ ಬರೆದ್ರು. ನೆಲ್ಸನ್ ಸ್ವತಃ ಹೃದಯದ ಶಸ್ತ್ರಚಿಕಿತ್ಸಕರು. ಆವಾಗ ನನ್ನ ಮುಂದ 'ಅದು ಬರೀ ಸಲಹೆ' ಅಂದೋರು ಕಾಫಿ ವಿಷಯಕ್ಕ ನನ್ನ ಅತ್ತಿಯವರನ್ನ ಎಲ್ಲಾರ ಎದುರು ಬೈದಾರ. ಕೋವಿಡ್ ವಾರ್ಡಿನಾಗ ದುಡಿದ ನನಗ ಅದು ಇನ್ನೂ ಚುಚ್ಚತೈತಿ.

ಕೆಂಗೇರಿ ಅಣ್ಣ: ನಾನು ಎರಡೂ ಡೋಸ್ ಹಾಕಿಸಿಕೊಂಡವನು, ನನಗೆ ಹೇಳಬೇಡಿ. ಸಿಸ್ಟರ್, ದಶಮಾಂಶ ಸಂಬಳ ಬಂದ ದಿನವೇ ತೆಗೆದಿಡಿ, ಪೂರ್ತಿ ಸಂಬಳದ ಮೇಲೆ.

ನರ್ಸ್, ಹುಬ್ಬಳ್ಳಿ: ಪೂರ್ತಿ ಅಂತ ಎಲ್ಲೈತ್ರಿ? ಪ್ರಥಮ ಅಧ್ಯಕ್ಷತೆಯವರ 1970ರ ಪತ್ರದಾಗ ವರಮಾನದ ಹತ್ತನೇ ಒಂದು ಪಾಲು ಅಂತಷ್ಟ ಐತಿ. ಪಿ.ಎಫ್. ಕಡಿತಕ್ಕ ಮುಂಚೇನೋ ಆಮ್ಯಾಲೋ ಅನ್ನೋದು ಆಕಿ ಮತ್ತ ದೇವರ ನಡುವಿನ ಮಾತು.

ಕೆಂಗೇರಿ ಅಣ್ಣ: ಪಿ.ಎಫ್. ಕೂಡ ನಿಮ್ಮ ವರಮಾನವೇ ಅಲ್ಲವೇ?